ಭೀಮಗಡದ ಕೊಳ್ಳಕ್ಕೆ ಹೋದವರು

ಬೆಳಗಾವಿಯವರಿಗೆ ಕೊಳ್ಳ ಅಂದರೆ ಗೋಕಾಕ. ಮಳೆ ಹಿಡಿದು ಘಟಪ್ರಭೆ ಕೆಂಪಾಯಿತೆಂದರೆ ಶಹಾಪುರ, ಟಿಳಕವಾಡಿ, ಅನಗೋಳದ ಓಣಿಗಳಿಂದ ಬುತ್ತಿ ಕಟ್ಟಿಕೊಂಡ ಮಂದಿ ಭಾನುವಾರ ಬೆಳಗ್ಗೆಯೇ ಹೊರಡುತ್ತಾರೆ. ಹೊಳೆ 52 ಮೀಟರ್ ಕೆಳಗೆ ಧುಮುಕುವುದನ್ನು ನೋಡುತ್ತಾರೆ, ಫೋಟೋ ಹೊಡೆಸಿಕೊಳ್ಳುತ್ತಾರೆ, ಕರದಂಟು ಕಟ್ಟಿಸಿಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಾರೆ. ನಾನು ನೌಕರಿ ಪೂರ್ತಿ ಭೂಗೋಳ ಕಲಿಸಿದವನು, ಗೋಕಾಕದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಕೊಳ್ಳ ಹೆಸರಾದದ್ದು ಬರೀ ಚೆಲುವಿನಿಂದಲ್ಲ. 1885ರಲ್ಲಿ ನೀರಿನ ಬಲ ನಂಬಿಕೊಂಡು ಅಲ್ಲಿ ನೂಲಿನ ಗಿರಣಿ ಹುಟ್ಟಿತು. ಗಿರಣಿಗೆಂದು ರಸ್ತೆ ಆಯಿತು, ಕೆಲಸಗಾರರ ಚಾಳು ಆದವು, ರೈಲಿನಿಂದ ಇಳಿದವರಿಗೆ ಗಾಡಿ ಸಿಗತೊಡಗಿದವು. ನೋಡುವ ಜನ ಆ ದಾರಿ ಹಿಡಿದೇ ಬಂದರು.

ಖಾನಾಪುರದ ಪಡುವಣ ಕಾಡಿನಲ್ಲಿ ಮಹದಾಯಿ ಕೊರೆದ ಕೊಳ್ಳಕ್ಕೆ ಇಂಥ ಗಿರಣಿ ಬರಲಿಲ್ಲ. ಬೆಳಗಾವಿಯಿಂದ ಖಾನಾಪುರ 26 ಕಿಲೋಮೀಟರ್, ಅಲ್ಲಿಂದ ಹೆಮ್ಮಡಗಾ ದಾಟಿದರೆ ಕೊಳ್ಳದ ಬಾಗಿಲು. ಇಷ್ಟು ಹತ್ತಿರ ಇದ್ದೂ ಅರ್ಧ ಊರು ಅದನ್ನು ಕಂಡಿಲ್ಲ.

ಇದನ್ನು ಬರೆಯಲು ಕಾರಣ ನನ್ನ ತಮ್ಮನ ಮಗ. ಅವನಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ, ಗ್ರ್ಯಾಂಡ್ ಕ್ಯಾನಿಯನ್ ಇರುವ ರಾಜ್ಯದಲ್ಲಿ. ಈ ಸಲ ದೀಪಾವಳಿಗೆ ಬರುವ ಮೊದಲೇ ಫೋನು ಹಚ್ಚಿದ. "ಕಾಕಾ, ಭೀಮಗಡ ನೋಡಬೇಕಂತೀನ್ರಿ. ಗ್ರ್ಯಾಂಡ್ ಕ್ಯಾನಿಯನ್ನಿಗೆ ನಾವು ಹೋದಾಗ ಸೂರ್ಯೋದಯ ಎಲ್ಲಿಂದ ನೋಡೋದು, ಎಷ್ಟು ತಾಸು ನಡೆಯೋದು, ಹೇಸರಗತ್ತೆ ಮೇಲೆ ಹತ್ತೋದು ಯಾವಾಗ, ಎಲ್ಲಾ ಮೊದಲೇ ಬರ್ಕೊಂಡು ಹೊಂಟಿದ್ವಿ. ಹಂಗ ಒಂದ್ ಪಟ್ಟಿ ಮಾಡಿ ಇಡ್ರಿ" ಅಂದ. ಪಟ್ಟಿ ಮಾಡಲು ಕೂತವನಿಗೆ ಕಂಡದ್ದು ಬೇರೆ. ಆ ಕೊಳ್ಳಕ್ಕೆ ಇಷ್ಟು ವರ್ಷ ಹೋದವರೆಲ್ಲ ಕೆಲಸದ ಮೇಲೆ ಹೋದವರು. ಒಬ್ಬ ಕಾವಲಿಗೆ, ಒಬ್ಬ ಕಟ್ಟಿಗೆಗೆ, ಒಬ್ಬ ಬಾವಲಿಗೆ. ನೋಡಲಿಕ್ಕೆಂದೇ ಹೊರಟವರು ತೀರ ಈಚಿನವರು. ಹೀಗಾಗಿ ನನ್ನ ಪಟ್ಟಿಯೂ ಹಳಬರ ಹಿಂದೆಯೇ ನಡೆಯಿತು.

ಮೊದಲ ದಿನ ಕಣಕುಂಬಿ ಅಂತ ಬರೆದೆ. ಅವನು ಒಪ್ಪಲಿಲ್ಲ, "ಅದು ಕೊಳ್ಳದಾಗ ಇಲ್ಲಲ್ಲ" ಅಂದ. ಇಲ್ಲ, ನಿಜ. ಆದರೆ ಕಣಕುಂಬಿ ನೋಡದೆ ಕೊಳ್ಳ ತಿಳಿಯುವುದಿಲ್ಲ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟು ಇಳಿದು ಪಣಜಿಗೆ ಹೋಗುವ ರಸ್ತೆ ಇದು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟಿ ಮೂಡಣಕ್ಕೆ ಮುಖ ಮಾಡುತ್ತಾಳೆ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಗುಡ್ಡ ಸೀಳಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ. ಅದೇ ದಿಬ್ಬದ ಆಚೆ ಮಗ್ಗುಲಲ್ಲಿ ಬಿದ್ದ ಮಳೆ ಕಳಸಾ ಹಳ್ಳವಾಗಿ ಮಹದಾಯಿಗೆ ಇಳಿಯುತ್ತದೆ, ಗೋವೆಯಲ್ಲಿ ಮಾಂಡೋವಿ ಅನ್ನಿಸಿಕೊಂಡು ಪಣಜಿಯ ಕಡಲಿಗೆ ಹೋಗುತ್ತದೆ. ಒಂದೇ ಗುಡ್ಡದ ನೀರು ಎರಡು ಸಮುದ್ರಕ್ಕೆ. ಪಡುವಣದ ಇಳಿಜಾರು ಕಡಿದು, ಮೂಡಣದ್ದು ಸಾವಕಾಶ. ಕಡಿದಾದ ಕಡೆಯ ನೀರಿಗೆ ಕೊರೆಯುವ ಬಲ ಹೆಚ್ಚು, ಅದಕ್ಕೇ ಕೊಳ್ಳ ಆ ಕಡೆ. ದಖ್ಖನ್ನಿನ ಕರಿಕಲ್ಲಿನ ಹಾಸು ಬೆಳಗಾವಿಯ ಸುತ್ತಮುತ್ತಲೇ ಮುಗಿಯುವುದರಿಂದ ತೆಂಕಣಕ್ಕೆ ಬೇರೆ ಜಾತಿಯ ಹಳೆಯ ಕಲ್ಲು ಮೇಲೆ ಬರುತ್ತದೆ, ನಡುವೆ ಸುಣ್ಣಕಲ್ಲೂ ಸಿಗುತ್ತದೆ.

ಇನ್ನು ಮಳೆ. ಕಣಕುಂಬಿಯಿಂದ ದೂರವಿಲ್ಲದ ಆಮಗಾವದಲ್ಲಿ 2010ರಲ್ಲಿ ಹತ್ತು ಸಾವಿರ ಮಿಲಿಮೀಟರ್ ದಾಟಿತ್ತು. ಆಗುಂಬೆಯ ಹೆಸರು ಹೇಳಿ ಮಕ್ಕಳಿಗೆ ಪಾಠ ಮಾಡುತ್ತಿದ್ದ ನಾನು ನಮ್ಮ ತಾಲೂಕಿನ ಈ ಊರನ್ನೂ ಹಲಗೆಯ ಮೇಲೆ ಬರೆಯುತ್ತಿದ್ದೆ.

ಕಣಕುಂಬಿಯಲ್ಲಿ ಇನ್ನೊಂದು ನೋಡಬೇಕು: ಕಳಸಾ ಕಾಲುವೆಗೆಂದು ಅಗೆದ ನೆಲ. ಪಡುವಣಕ್ಕೆ ಹೋಗುವ ಹಳ್ಳವನ್ನು ತಿರುಗಿಸಿ ಮಲಪ್ರಭೆಗೆ ಕೂಡಿಸುವ ಯೋಜನೆ. 2010ರಲ್ಲಿ ನ್ಯಾಯಮಂಡಳಿ ಕೂತಿತು, 2015ರಲ್ಲಿ ನರಗುಂದದ ರೈತರು ಬೀದಿಗಿಳಿದರು, 2018ರ ಅಗಸ್ಟಿನಲ್ಲಿ ಕರ್ನಾಟಕದ ಪಾಲಿಗೆ 13.42 ಟಿಎಂಸಿ ಎಂದು ತೀರ್ಪು ಬಂತು. ಅದರಲ್ಲಿ ಕಳಸಾದಿಂದ 1.72, ಬಂಡೂರಿ ಹಳ್ಳದಿಂದ 2.18 ಟಿಎಂಸಿ ತಿರುಗಿಸಬಹುದು. ನರಗುಂದದವರ ಬಾಯಾರಿಕೆಯೂ ಖರೆ, ಕಾಡಿನ ಹಳ್ಳದ ಹಕ್ಕೂ ಖರೆ. ಯಾರ ಪಕ್ಷ ಅಂತ ನನ್ನನ್ನು ಕೇಳಿದರೆ, ಮೊದಲು ಕಣಕುಂಬಿಯ ದಿಬ್ಬದ ಮೇಲೆ ನಿಂತು ಎರಡೂ ಕಡೆ ನೋಡಿ ಬಾ ಅನ್ನುತ್ತೇನೆ.

ಎರಡನೆಯ ದಿನಕ್ಕೆ ಕಾಡು. ಇಲ್ಲಿ ಒಂದು ಎಚ್ಚರ: ಮಹದಾಯಿ ಹುಟ್ಟುವುದು ದೇಗಾವದಲ್ಲಿ ಅಂತ ಓದಿ ಕೆಲವರು ಕಿತ್ತೂರಿನ ಕಡೆಯ ದೇಗಾವಕ್ಕೆ ಹೋಗಿ ನಿಲ್ಲುತ್ತಾರೆ. ಅಲ್ಲಿರುವುದು ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ಗುಡಿ. ಅದೂ ನೋಡತಕ್ಕದ್ದೇ, ಹಲಸಿಯ ಗುಡಿಗಳ ಜೊತೆಗೆ ಬೇರೆ ದಿನ ಇಟ್ಟುಕೊಳ್ಳಬೇಕು. ಮಹದಾಯಿಯ ದೇಗಾವ ಖಾನಾಪುರದ ಕಾಡಿನ ಒಳಗಿನದು.

ಈ ಕೊಳ್ಳಕ್ಕೆ ಕೆಲಸದ ಮೇಲೆ ಬಂದವರಲ್ಲಿ ನಮಗೆ ಗುರುತು ಸಿಗುವವರು ಶಿವಾಜಿಯ ಕಾಲದ ಕಾವಲಿನವರು. ಗೋವೆಯ ಪೋರ್ಚುಗೀಜರ ಮೇಲೆ ಕಣ್ಣಿಡಲು 17ನೇ ಶತಮಾನದಲ್ಲಿ ಭೀಮಗಡ ಕಟ್ಟಿದರು. ಕೋಟೆಯ ನೆತ್ತಿ 1,380 ಅಡಿ ಉದ್ದ, 825 ಅಡಿ ಅಗಲ, ಬದಿಗಳಲ್ಲಿ ಕಡಿದಾದ ಬಂಡೆ, ಕೆಳಗೆ ಮಹದಾಯಿಯ ಕಣಿವೆ. ಗೋಡೆ ಕಟ್ಟುವ ಖರ್ಚಿನ ಬಹುಪಾಲನ್ನು ಗುಡ್ಡವೇ ಉಳಿಸಿಕೊಟ್ಟಿದೆ. ಉಳಿದಿರುವುದು ಪಾಳು ಕಲ್ಲು, ಬೇರು, ನೀರಿನ ಹೊಂಡ. ಕೋಟೆಯ ಹುಚ್ಚಿನವರು ಅಲ್ಲಿ ಇಡೀ ದಿನ ಕಳೆಯುತ್ತಾರೆ. ನನಗೆ ಅಷ್ಟು ಸಾಕು.

ನಾನು ನಿಲ್ಲುವುದು ಕಟ್ಟಿಗೆಯವರ ಹತ್ತಿರ. ನಮ್ಮ ದೊಡ್ಡಪ್ಪ ಲೋಂಡಾದಲ್ಲಿ ಒಬ್ಬ ಗುತ್ತೇದಾರರ ಕಟ್ಟಿಗೆ ಅಡ್ಡೆಯಲ್ಲಿ ಕಾರಕೂನರಾಗಿದ್ದರು. ಖಾನಾಪುರದ ಹೆಂಚಿನ ಮನೆಯ ಪಡಸಾಲೆಯಲ್ಲಿ ಕೂತು, ಸಾಗವಾನಿ, ಮತ್ತಿ, ನಂದಿ, ಹೊನ್ನೆ, ಕಿಂದಳ ಎಂದು ಮರದ ಹೆಸರನ್ನು ನೆಂಟರ ಹೆಸರಿನಂತೆ ಹೇಳುತ್ತಿದ್ದರು. ದಿಮ್ಮಿಯ ತಲೆಗೆ ಹೊಡೆಯುವ ಸರ್ಕಾರಿ ಸುತ್ತಿಗೆಯ ಮುದ್ರೆ, ನಾಕಾದಲ್ಲಿ ತೋರಿಸುವ ಪಾಸು, ಒಂದು ಚಕ್ಕಡಿಗೆ ಎಷ್ಟು ಹೇರಬಹುದು, ಯಾವ ಹಳ್ಳದ ಏರಿನಲ್ಲಿ ಎತ್ತು ಮೊಣಕಾಲೂರುತ್ತದೆ, ಇದು ಅವರ ಭೂಗೋಳ. ನನ್ನ ಪಾಠಪುಸ್ತಕದಲ್ಲಿ ಇರದ ಭೂಗೋಳ. ಚಕ್ಕಡಿಗಳು ಬೇಸಿಗೆಯಲ್ಲೇ ನಡೆಯಬೇಕು. ಮಿರಗ ಹತ್ತಿತೆಂದರೆ ಕಾಡಿನ ದಾರಿ ಬಂದ್. ಒಳಗಿನ ಊರಿನವರು ಅಷ್ಟರೊಳಗೆ ಅಕ್ಕಿ, ಉಪ್ಪು, ಎಣ್ಣೆ ತಂದು ಅಟ್ಟಕ್ಕೇರಿಸಿ, ಹಳ್ಳಕ್ಕೆ ಬೊಂಬು ಮರದ ಕಾಲುಸೇತುವೆ ಕಟ್ಟಿಕೊಳ್ಳಬೇಕು. ಮಳೆಗಾಲದಲ್ಲಿ ಯಾರಿಗಾದರೂ ಬೇನೆ ಬಂದರೆ ಕಟ್ಟಿಗೆಗೆ ಬಿಗಿದು ಹೊತ್ತೇ ತರಬೇಕು. ಇದು ದೊಡ್ಡಪ್ಪನ ಕಾಲದ ಮಾತಷ್ಟೇ ಅಲ್ಲ.

ಕಟ್ಟಿಗೆಯ ಈ ವ್ಯಾಪಾರಕ್ಕೆ ಬೆನ್ನೆಲುಬಾದದ್ದು ರೈಲು. ಪೋರ್ಚುಗೀಜರ ಮುರಗಾಂವ ಬಂದರಿನಿಂದ ಘಾಟು ಹತ್ತಿದ ಹಳಿ 1888ರಲ್ಲಿ ಕ್ಯಾಸಲ್‌ರಾಕ್‌ಗೆ ಬಂತು. ಈಚೆಯಿಂದ ಸದರ್ನ್ ಮರಾಠಾ ರೈಲ್ವೆ ಲೋಂಡಾ ಹಿಡಿದು ಅದನ್ನು ಕೂಡಿತು. 1961ರವರೆಗೆ ಕ್ಯಾಸಲ್‌ರಾಕ್ ಎರಡು ದೇಶಗಳ ಗಡಿ ಸ್ಟೇಶನ್ನು, ಸುಂಕದವರು ಪೆಟ್ಟಿಗೆ ಬಿಚ್ಚಿ ನೋಡುವ ಜಾಗ.

ತಮ್ಮನ ಮಗನಿಗೆ ನಾನು ಹೇಳಿದ್ದು ಇಷ್ಟು: ನಿನ್ನ ಆ ಕ್ಯಾನಿಯನ್ನಿಗೂ ರೈಲೇ ಹಣೆಬರಹ ಬರೆಯಿತು. 1869ರಲ್ಲಿ ಪಾವೆಲ್ ಎಂಬ ಒಂದೇ ಕೈಯ ಮನುಷ್ಯ ದೋಣಿಯಲ್ಲಿ ಕೊಲೊರಾಡೋ ನದಿ ಹಿಡಿದು ಹೋದಾಗ ಅದು ನಕಾಶೆಯ ಖಾಲಿ ಜಾಗ. 1901ರಲ್ಲಿ ಸಾಂಟಾ ಫೇ ಕಂಪನಿಯ ರೈಲು ತೆಂಕಣ ಅಂಚಿಗೆ ಬಂತು. ಕಂಪನಿಗೆ ಟಿಕೀಟು ಮಾರಬೇಕಿತ್ತು, ಅದಕ್ಕೆ ನೋಡುವ ಜನ ಬೇಕಿತ್ತು. 1905ರಲ್ಲಿ ಅಂಚಿನ ಮೇಲೇ ದೊಡ್ಡ ಹೋಟೆಲು ಎದ್ದಿತು, 1919ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ಹಳಿಗೆ ಬೇಕಾದದ್ದು ಬಂದರಿನ ಸರಕು ಮತ್ತು ಕಾಡಿನ ದಿಮ್ಮಿ. ಲೋಂಡಾದಲ್ಲಿ ಇಳಿದವನಿಗೆ ಕೊಳ್ಳ ತೋರಿಸಿ ಯಾರಿಗೂ ಲಾಭವಿರಲಿಲ್ಲ. ಭೀಮಗಡದ ನೆತ್ತಿಯ ಮೇಲೆ ಹೋಟೆಲು ಏಳದಿದ್ದುದು ಯಾರ ವಿವೇಕವೂ ಅಲ್ಲ, ಲೆಕ್ಕ ಕೂಡಲಿಲ್ಲ ಅಷ್ಟೇ. ಒಳ್ಳೆಯದೇ ಆಯಿತು ಅನ್ನಿ.

ಬಾವಲಿಗೆ ಬಂದವರ ಕಥೆ ಚಿಕ್ಕದು, ಆದರೆ ಊರಿಗೆ ಜಗತ್ತಿನ ಹೆಸರು ತಂದದ್ದು ಅದೇ. 1911ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೇಶದ ಸಸ್ತನಿಗಳ ಸಮೀಕ್ಷೆ ಶುರು ಮಾಡಿತು. ತಳೇವಾಡಿ ಹತ್ತಿರದ ಬಾರಾಪೇಡೆ ಗವಿಯಲ್ಲಿ ಸಿಕ್ಕ ದೊಡ್ಡ ಕಿವಿಯ ಬಾವಲಿಗೆ 1913ರಲ್ಲಿ ಲಂಡನ್ನಿನ ಓಲ್ಡ್‌ಫೀಲ್ಡ್ ಥಾಮಸ್ ಹೆಸರಿಟ್ಟ. ಆ ಹೆಸರು ಮುಂಬಯಿ ಪ್ರಾಂತದ ಕಾಡಿನ ಅಧಿಕಾರಿಯಾಗಿದ್ದ, ಇರುವೆಗಳ ಹಿಂದೆಯೂ ಬಿದ್ದಿದ್ದ ರಾಟನ್ ಸಾಹೇಬನದು. ಅದಾದ ಮೇಲೆ ಶತಮಾನ ಮುಗಿಯುವ ತನಕ ಈ ಬಾವಲಿ ಬೇರೆಲ್ಲೂ ಕಾಣಲಿಲ್ಲ. ಆಮೇಲೆ ಕಾಂಬೋಡಿಯಾದಲ್ಲಿ, ಮೇಘಾಲಯದಲ್ಲಿ ಸಿಕ್ಕಿತು. ಕಾಯಿದೆಯಲ್ಲಿ ಹುಲಿಗೆ ಕೊಟ್ಟ ಮೊದಲ ಪರಿಚ್ಛೇದದ ರಕ್ಷಣೆಯೇ ಇದಕ್ಕೂ ಇದೆ. ಪಟ್ಟಿಯಲ್ಲಿ ಗವಿ ಎಂದು ಬರೆದು ನಾನೇ ಹೊಡೆದುಹಾಕಿದೆ. ಬ್ಯಾಟರಿ ಹಿಡಿದು ಹತ್ತು ಮಂದಿ ಒಳಹೊಕ್ಕರೆ ಮರಿಗಳು ತಾಯಿಯ ಮೈಯಿಂದ ಕಳಚಿ ಬೀಳುತ್ತವೆ. ರಾಟನ್‌ನ ಬಾವಲಿಯನ್ನು ಚಿತ್ರದಲ್ಲಿ ನೋಡಿದರೆ ಸಾಕು.

ಕಾಡು ಕಡಿಯುವ ಕಾಲ ಮುಗಿದು ಕಾಯುವ ಕಾಲ ಬಂದದ್ದು ನಿಧಾನಕ್ಕೆ. ಗೋವೆ 1999ರಲ್ಲಿ ತನ್ನ ಬದಿಯ ಮಹದಾಯಿ ಕಾಡನ್ನು ವನ್ಯಜೀವಿ ಧಾಮ ಮಾಡಿತು. ತೆಂಕಣದಲ್ಲಿ ದಾಂಡೇಲಿ–ಅಣಶಿ 2007ರಲ್ಲಿ ಹುಲಿ ಮೀಸಲಾಯಿತು, ಈಗ ಅದಕ್ಕೆ ಕಾಳಿ ಎಂಬ ಹೆಸರು. ನಡುವೆ ಉಳಿದ ನಮ್ಮ ತುಂಡು 2011ರ ಡಿಸೆಂಬರಿನಲ್ಲಿ ಭೀಮಗಡ ವನ್ಯಜೀವಿ ಧಾಮವಾಯಿತು, ಸುಮಾರು 190 ಚದರ ಕಿಲೋಮೀಟರ್. ರಾಷ್ಟ್ರೀಯ ಉದ್ಯಾನ ಅಲ್ಲ, ಧಾಮ. ಉದ್ಯಾನವಾದರೆ ಒಳಗಿನವರ ಹಕ್ಕುಗಳೆಲ್ಲ ತೀರಬೇಕು. ಧಾಮದಲ್ಲಿ ಕೆಲವನ್ನು ಉಳಿಸಿಕೊಳ್ಳಲು ಕಾಯಿದೆಯಲ್ಲಿ ಜಾಗವಿದೆ. ಹೀಗಾಗಿಯೇ ಕೃಷ್ಣಾಪುರ, ಗವಾಳಿ, ಪಾಸ್ತೋಲಿ, ಕೊಂಗಳಾ, ತಳೇವಾಡಿ ಎಂದು ಊರುಗಳು ಕಾಡಿನೊಳಗೇ ಇದ್ದವು, ವಿದ್ಯುತ್ತು ರಸ್ತೆಗಾಗಿ ಅರ್ಜಿ ಬರೆಯುತ್ತಲೇ.

ಎರಡನೆಯ ದಿನದ ಪಟ್ಟಿ ಕಡೆಗೆ ಹೀಗಾಯಿತು. ಕಾಲ: ನವೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ವಜ್ರಪೋಹಾ ಜಲಪಾತ ಮೈದುಂಬಿರುತ್ತದೆ, ಖರೆ, ಆದರೆ ಈಗೀಗ ಅರಣ್ಯ ಇಲಾಖೆ ಮಳೆಗಾಲದಲ್ಲಿ ಖಾನಾಪುರ ಕಾಡಿನ ಜಲಪಾತಗಳಿಗೆ ಜನರನ್ನು ಬಿಡುವುದಿಲ್ಲ. ಬಿಟ್ಟರೂ ಜಿಗಣಿ ಬಿಡುವುದಿಲ್ಲ. ಇಲಾಖೆಯ ಅನುಮತಿ ಮುಂಚಿತವಾಗಿಯೇ ತೆಗೆದುಕೊಳ್ಳಬೇಕು. ಹೆಮ್ಮಡಗಾದ ಇಲಾಖೆಯ ಶಿಬಿರದಲ್ಲಿ ತಂಗಬಹುದು. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ. ಮೊಸರನ್ನ ಬೇಡ, ಏರು ಹತ್ತುವಾಗ ನಿದ್ದೆ ಬರುತ್ತದೆ. ಫೋನು ಹತ್ತುವುದಿಲ್ಲ, ಇದನ್ನು ಅವನ ಹೆಂಡತಿಗೆ ಮೊದಲೇ ಹೇಳಿಡಬೇಕು. ನಡಿಗೆ ನಸುಕಿನಲ್ಲಿ, ಬಿಸಿಲು ಇಳಿಯುವ ಮೊದಲು ವಾಪಸು, ಕರಡಿಯ ಹೊತ್ತಿಗೆ ದಾರಿಯಲ್ಲಿರಬಾರದು.

ದಾರಿ ತೋರಿಸುವವರು ಯಾರು ಅನ್ನುವಲ್ಲಿ ನನ್ನ ಪೆನ್ನು ನಿಂತಿತು. 2025ರಲ್ಲಿ ತಳೇವಾಡಿಯ 27 ಕುಟುಂಬಗಳು ತಲಾ 15 ಲಕ್ಷ ರೂಪಾಯಿ ಪರಿಹಾರಕ್ಕೆ ಒಪ್ಪಿ ಕಾಡು ಬಿಟ್ಟು ಬರಲು ತಯಾರಾದವು. ಆಸ್ಪತ್ರೆ, ಶಾಲೆ ಹತ್ತಿರವಾಗುತ್ತದೆ, ಬೇಡ ಅನ್ನಲು ನಾನು ಯಾರು? ಬೆಳಗಾವಿಯಲ್ಲಿ ನಲ್ಲಿ ನೀರು ಕುಡಿಯುವವನು. ಆದರೆ ಗ್ರ್ಯಾಂಡ್ ಕ್ಯಾನಿಯನ್ನಿನ ಕಥೆಯಲ್ಲಿ ಇನ್ನೊಂದು ಪುಟವಿದೆ. ಅಲ್ಲಿ ಹವಸುಪಾಯಿ ಎಂಬ ಮೂಲಜನ ಇದ್ದರು. ಉದ್ಯಾನವೆಂದು ಅವರ ನೆಲ ಕಸಿದುಕೊಂಡಿದ್ದರು. 1975ರಲ್ಲಿ ಕಾಯಿದೆ ಮಾಡಿ 1,85,000 ಎಕರೆ ತಿರುಗಿ ಕೊಟ್ಟರು. ಅವರ ಸುಪಾಯಿ ಊರು ಇಂದಿಗೂ ಕೊಳ್ಳದ ತಳದಲ್ಲಿದೆ, ಟಪಾಲು ಹೇಸರಗತ್ತೆಯ ಮೇಲೆ ಹೋಗುತ್ತದೆ, ಅಲ್ಲಿನ ಜಲಪಾತ ನೋಡಬೇಕಾದವರು ಆ ಜನರಿಂದಲೇ ಪಾಸು ಕೊಳ್ಳಬೇಕು. ಇದನ್ನು ಹೇಳಿದರೆ ತಮ್ಮನ ಮಗ, "ಹೌದ್ರಿ ಕಾಕಾ, ಆ ಪಾಸ್ ಸಿಗೂದು ಭಾಳ ತ್ರಾಸ" ಅಂದ. ಸಿಗದಿದ್ದರೆ ಸಿಗದಿರಲಿ ಅಂದೆ.

ಪಟ್ಟಿಯ ಕೊನೆಗೆ ಹೀಗೆ ಬರೆದುಕೊಟ್ಟೆ: ಹೆಮ್ಮಡಗಾದಲ್ಲಿ ಇಲಾಖೆಯವರನ್ನು ಕೇಳಿ, ಒಳಗಿನ ಊರಲ್ಲಿ ಹುಟ್ಟಿ ಬೆಳೆದವರನ್ನೇ ಜೊತೆಗೆ ಕರೆದುಕೊ. ದಿನದ ಕೂಲಿ ಮೊದಲೇ ಮಾತಾಡು. ಚೌಕಾಶಿ ಮಾಡಬೇಡ.