ಸಂಸಾರದ ನಡುವೆ ಹುಟ್ಟಿದ ಕಾದಂಬರಿ

ಮನೆವಾರ್ತೆ ಹೆಣ್ಣಿನ ಬರವಣಿಗೆಯನ್ನು ನುಂಗಿಹಾಕುತ್ತದೆ ಎಂಬುದು ಅರ್ಧಸತ್ಯ. ಅದು ಬರೆಯುವ ವರ್ಷಗಳನ್ನು ಕಸಿದುಕೊಂಡಿತು, ನಿಜ. ಬರೆಯಲು ಬೇಕಾದ ಅನುಭವವನ್ನು ಕೊಟ್ಟದ್ದೂ ಅದೇ. 1917ರಲ್ಲಿ ಮಲೆನಾಡಿನಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಚಿಕ್ಕ ವಯಸ್ಸಿನಲ್ಲೇ ಮದುವೆಯಾದರು. ಅವರ ಮೊದಲ ಕಾದಂಬರಿ ‘ತುಂಗಭದ್ರ’ ಹೊರಬಂದದ್ದು 1963ರಲ್ಲಿ, ನಲವತ್ತು ದಾಟಿದ ಮೇಲೆ. ಮಲೆನಾಡಿನ ತುಂಬುಮನೆಗಳ ಒಳಗನ್ನು ಅವರಷ್ಟು ಬಲ್ಲವರು ವಿರಳ. ಇನ್ನೊಬ್ಬ ಕಾದಂಬರಿಗಾರ್ತಿ ತ್ರಿವೇಣಿ 1953ರಲ್ಲೇ ‘ಅಪಸ್ವರ’ದೊಂದಿಗೆ ಬಂದರು, 1963ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಓದುಗರ ಮನೆಮಾತಾಗಿದ್ದರು.

ಇವರ ಕಾದಂಬರಿಗಳೆಲ್ಲ ಹಗುರ ಪ್ರೇಮಕಥೆ, ಅಡುಗೆಮನೆ ಸಾಹಿತ್ಯ ಎಂಬ ಆಕ್ಷೇಪ ಹಳೆಯದು. ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನೇ ನೋಡೋಣ. ನಾಯಕಿಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿದೊಡನೆ, ಮೆಚ್ಚಿ ಬಂದಿದ್ದ ವರ ಹಿಂದೆ ಸರಿಯುತ್ತಾನೆ; ಮುಂದೆ ಅವನೇ ಬಯಸಿ ಬಂದಾಗ ಅವಳು ಒಲ್ಲೆನೆನ್ನುತ್ತಾಳೆ. ಒಲವಿನೊಳಗಿನ ಆಸ್ತಿಯ ಲೆಕ್ಕ ಕಾಣುವುದು ಮನೆಯ ವ್ಯವಹಾರವನ್ನು ಹತ್ತಿರದಿಂದ ಕಂಡ ಕಣ್ಣಿಗೆ. ಈ ಲೇಖಕಿಯರಿಗೆ ಅಕ್ಷರವೂ ಮೇಲ್ಜಾತಿಯ ಅನುಕೂಲವೂ ಇತ್ತಲ್ಲ ಎಂಬ ಇನ್ನೊಂದು ಮಾತನ್ನು ಒಪ್ಪಲೇಬೇಕು. ಅದಿಲ್ಲದೆ ಬರೆಯಲಾಗದೆ ಹೋದವರು ಅಸಂಖ್ಯ. ಆದ್ದರಿಂದಲೇ ಈ ಚರಿತ್ರೆಯನ್ನು ತ್ಯಾಗದ ಕಥೆಯಾಗಿ ಹೊಗಳಿದರೆ ಸಾಲದು. ಸಂಸಾರ ಕಲಿಸಿತೆಂದು ಅದರ ಭಾರವನ್ನೆಲ್ಲ ಒಬ್ಬಳೇ ಹೊರಬೇಕಿಲ್ಲ: ಮನೆಗೆಲಸ ಹಂಚಿಹೋದರೆ, ನಲವತ್ತರವರೆಗೆ ಕಾಯದೆಯೂ ಇಂಥ ಕಾದಂಬರಿ ಹುಟ್ಟೀತು.