ಲೆಕ್ಕ ಬರೆದ ಕೈಗಳು: ನಮ್ಮ ಸಂಘದ ಕಿರ್ದಿ ಖಾತೆ ನಡೆದು ಬಂದ ದಾರಿ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ನಮಗೆ ಸಂಕೋಚವೇ ಆಯಿತು. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿ ಹೊಲ, ಹಸು ಅಂತ ಇದ್ದುಬಿಟ್ಟವರು ನಾವು. ಸಂಘದ ಕಟ್ಟಡ, ಹಾಲಿನ ಪ್ರಮಾಣ, ಸ್ಥಾಪಕರ ತ್ಯಾಗ ಇವನ್ನೆಲ್ಲ ಬಲ್ಲವರು ಬರೆಯುತ್ತಾರೆ. ಯಾರೂ ಬರೆಯದ ಒಂದು ವಿಷಯ ಉಳಿಯಿತು. ಅದು ನಮ್ಮ ಲೆಕ್ಕದ ಪುಸ್ತಕ. ಅದನ್ನು ಯಾರು ಬರೆದರು, ಯಾರು ನೋಡಿದರು, ಯಾರು ನೋಡದೆ ಬಿಟ್ಟರು ಅನ್ನೋದು ಮುಂದಿನವರಿಗೆ ಗೊತ್ತಿರಲಿ ಎಂದು ಈ ನಾಲ್ಕು ಮಾತು.

ಶಾನುಭೋಗರ ಕಾಲ

ನಮ್ಮ ಅಜ್ಜಂದಿರ ಕಾಲದಲ್ಲಿ ಊರಿನ ಲೆಕ್ಕ ಅಂದರೆ ಶಾನುಭೋಗರ ಲೆಕ್ಕ. ಕಂದಾಯ ಎಷ್ಟು, ಯಾರ ಹೊಲ ಎಲ್ಲಿಗೆ ಮುಗೀತು, ಎಲ್ಲಾ ಅವರ ಮನೆಯಲ್ಲೇ ಇರೋದು. ಅದಕ್ಕೂ ಹಿಂದೆ ಕಾಗದದ ಬಳಕೆ ಕಡಿಮೆ ಇದ್ದಾಗ ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲು ಪುಡಿ ಬಳಿದು, ಒಣಗಿಸಿ, ಮಡಿಕೆ ಮಾಡಿ ಅದರ ಮೇಲೆ ಬಳಪದಲ್ಲಿ ಬರೆಯೋದು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದು. ಒರೆಸೋಕೆ ಬರೋ ಪುಸ್ತಕ ಒಬ್ಬರದೇ ಮನೆಯಲ್ಲಿದ್ದರೆ ಓದು ಬಾರದ ರೈತನ ಗತಿ ಏನು ಅನ್ನೋದನ್ನ ನಾವು ಬಿಡಿಸಿ ಹೇಳಬೇಕಿಲ್ಲ. ಎಲ್ಲಾ ಶಾನುಭೋಗರೂ ಮೋಸ ಮಾಡಿದರು ಅಂತ ಅಲ್ಲ. ಪ್ರಾಮಾಣಿಕರು ಬೇಕಾದಷ್ಟು ಜನ ಇದ್ದರು. ಆದರೆ ಅವರು ಪ್ರಾಮಾಣಿಕರು ಅಂತ ತಿಳಿಯೋಕೆ ರೈತನಿಗೆ ದಾರಿ ಇರಲಿಲ್ಲ.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಅವರು ಬಿಟ್ಟುಹೋದ ಮಾತುಗಳು ಮಾತ್ರ ನಮ್ಮಲ್ಲೇ ಉಳಿದವು. ಜಮಾ, ಖರ್ಚು, ಬಾಕಿ, ತಖ್ತೆ ಇವೆಲ್ಲ ಅರಬ್ಬಿ, ಪಾರಸಿ ಕಡೆಯಿಂದ ಬಂದ ಮಾತು ಎಂದು ಬಲ್ಲವರು ಹೇಳುತ್ತಾರೆ. ಅಂದಮೇಲೆ ಲೆಕ್ಕದ ಈ ಮಾತುಗಳು ಹೊರಗಿನಿಂದ ಬಂದದ್ದೇ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಸಹಕಾರ ತಂದ ಬದಲಾವಣೆ

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮಾರನೇ ವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ನಾಡಿನ ಸಹಕಾರದ ಮೂಲ ಅದು. ಆ ಕಾಯ್ದೆಯಲ್ಲಿ ಸಾಲ ಕೊಡೋದು ತಗೊಳ್ಳೋದರ ಜತೆಗೆ ಇನ್ನೊಂದು ಮುಖ್ಯ ಮಾತಿತ್ತು. ಪ್ರತಿ ಸಂಘದ ಲೆಕ್ಕವನ್ನು ವರ್ಷಕ್ಕೆ ಒಂದು ಸಲವಾದರೂ ರಿಜಿಸ್ಟ್ರಾರರು ತಪಾಸಣೆ ಮಾಡಬೇಕು ಅಥವಾ ಮಾಡಿಸಬೇಕು. ಬರೆಯೋರು ಬೇರೆ, ನೋಡೋರು ಬೇರೆ ಅನ್ನೋ ಪದ್ಧತಿ ಹಳ್ಳಿಯ ಸಂಘಕ್ಕೂ ಬಂದದ್ದು ಹೀಗೆ. ನಮ್ಮ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲೂ ಇದೇ ನಿಯಮ ಮುಂದುವರಿಯಿತು.

ನಮ್ಮ ಮೊದಲ ಕಿರ್ದಿ

ನಮ್ಮ ಸಂಘ ಶುರುವಾದಾಗ ಬಾಡಿಗೆ ಕೋಣೆ, ಒಂದು ಮೇಜು, ಲ್ಯಾಕ್ಟೋಮೀಟರು, ನಾಲ್ಕು ಕ್ಯಾನು. ಬೆಳಿಗ್ಗೆ ಸಂಜೆ ಹಾಲು ಅಳೆದು ವಹಿಯಲ್ಲಿ ಬರೆದುಕೊಳ್ಳೋದು, ಸದಸ್ಯರ ಪಾಸ್ ಪುಸ್ತಕಕ್ಕೆ ಏರಿಸೋದು, ಒಕ್ಕೂಟದಿಂದ ಹಣ ಬಂದಮೇಲೆ ಬಟವಾಡೆ ಮಾಡೋದು, ರಾತ್ರಿ ಕೂತು ರೋಜು ಕಿರ್ದಿ ಬರೆದು ಶಿಲ್ಕು ತೆಗೆಯೋದು. ಇಷ್ಟನ್ನೂ ನಮ್ಮ ಮೊದಲ ಕಾರ್ಯದರ್ಶಿಗಳು ಒಬ್ಬರೇ ಮಾಡುತ್ತಿದ್ದರು. ಕರೆಂಟು ಹೋದರೆ ಲಾಟೀನು. ಅಖೈರು ಶಿಲ್ಕು ಒಂದು ರೂಪಾಯಿ ಹೆಚ್ಚುಕಮ್ಮಿ ಬಂದರೆ ಅವರಿಗೆ ನಿದ್ದೆ ಇಲ್ಲ.

ಕಾಲ ಹೋದಂತೆ ಕೆಲಸ ಬೆಳೆಯಿತು. ಜಿಡ್ಡಿನಂಶ ನೋಡಿ ದರ ಕಟ್ಟುವುದು, ಪಶು ಆಹಾರದ ಮೂಟೆ ಮಾರುವುದು, ಸ್ಥಳೀಯ ಹಾಲು ಮಾರಾಟ, ವಿಮೆ. 2008ರಿಂದ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹ ಧನ ಕೊಡಲು ಶುರುಮಾಡಿತು, 2013ರಲ್ಲಿ ಅದು 4 ರೂಪಾಯಿ ಆಯಿತು. ರೈತರಿಗೆ ಸಂತೋಷ, ಕಾರ್ಯದರ್ಶಿಗೆ ಇನ್ನೂ ಒಂದು ಪಟ್ಟಿ. ಬರೆಯೋ ಕೈ ಮಾತ್ರ ಅದೇ ಒಂದು ಕೈ.

ಪುಸ್ತಕ ನಿಂತುಹೋದ ವರ್ಷ

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆವು. ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಒಂದು ವರ್ಷ ನಮ್ಮ ಕಾರ್ಯದರ್ಶಿಗಳಿಗೆ ಲಕ್ವ ಹೊಡೆಯಿತು. ಮಾತು ಬಿದ್ದುಹೋಯಿತು, ಬಲಗೈ ಏಳಲಿಲ್ಲ. ಹಾಲು ನಿಲ್ಲೋ ಹಾಗಿಲ್ಲವಲ್ಲ, ಪರೀಕ್ಷಕರೇ ಹೇಗೋ ಅಳೆದು ಕಳಿಸಿದರು. ವೋಚರು, ರಸೀತಿ ಎಲ್ಲಾ ಒಂದು ಗೊಬ್ಬರದ ಚೀಲದಲ್ಲಿ ತುಂಬಿಕೊಳ್ಳುತ್ತಾ ಹೋದವು. ಐದು ತಿಂಗಳು ಖಾತೆ ಪುಸ್ತಕ ಬರೆಯಲಿಲ್ಲ. ಲೆಕ್ಕ ಇಲ್ಲದೆ ಆಡಿಟ್ ಇಲ್ಲ, ಆಡಿಟ್ ಇಲ್ಲದೆ ಬೋನಸ್ ಇಲ್ಲ. ಆ ಬೋನಸ್ ನಂಬಿಕೊಂಡು ಶಾಲೆ ಫೀಜು, ಕೈಸಾಲ ಇಟ್ಟುಕೊಂಡಿದ್ದ ಮನೆಗಳು ಊರಲ್ಲಿ ಎಷ್ಟಿದ್ದವು ಅಂತ ನಿಮಗೇ ಗೊತ್ತು.

ಆಗ ಯಾರೋ ಪಶು ಆಹಾರದ ದಾಸ್ತಾನು ವಹಿ ತೆಗೆದು ನೋಡಿದರು. ಮೂಟೆಗಳು ಹೋಗಿವೆ, ಖಾತೆಯಲ್ಲಿ ಅದರ ಹಣ ಜಮಾ ಆಗಿಲ್ಲ! ಅಷ್ಟೇ ಸಾಕಾಯಿತು. ಅರಳಿಕಟ್ಟೆಯಲ್ಲಿ, ಹೋಟೆಲಿನಲ್ಲಿ ಒಂದೇ ಮಾತು, ‘ಬೇಲೀನೇ ಎದ್ದು ಹೊಲ ಮೇಯ್ತು.’ ಅವರ ಮನೆಯವರು ದಿನಾ ಹಾಲು ತಂದು ಸಾಲಿನಲ್ಲಿ ನಿಲ್ಲುವಾಗ ಉಳಿದವರು ಮಾತು ನಿಲ್ಲಿಸುತ್ತಿದ್ದರು. ಆ ತಾಯಿ ಒಂದು ದಿನವೂ ಏನೂ ಅನ್ನಲಿಲ್ಲ, ಹಾಲು ತರುವುದನ್ನೂ ಬಿಡಲಿಲ್ಲ. ಹೇಳಬೇಕಾದವರಿಗೆ ಬಾಯಿ ಇರಲಿಲ್ಲ.

ಆಡಳಿತ ಮಂಡಳಿ ಸಭೆ ಸೇರಿತು. ತಾಲ್ಲೂಕು ಕೇಂದ್ರದಲ್ಲಿ ಅಂಗಡಿಗಳ ಲೆಕ್ಕ ಬರೆದುಕೊಡುವ, ಬಿ.ಕಾಂ. ಓದಿದ ಒಬ್ಬ ಹೆಣ್ಣುಮಗಳಿಗೆ ಪುಸ್ತಕ ಒಪ್ಪಿಸೋಣ ಎಂಬ ಸಲಹೆ ಬಂತು. ಹಿರಿಯ ಸದಸ್ಯರೊಬ್ಬರು ಎದ್ದು, ‘ತಾನು ಮಾಡೋದು ಉತ್ತಮ, ಮಗ ಮಾಡೋದು ಮಧ್ಯಮ, ಆಳು ಮಾಡೋದು ಹಾಳು. ಮನೆ ಗುಟ್ಟು ಪೇಟೆಗೆ ಯಾಕೆ?’ ಅಂದರು. ನಾವೂ ಅವರ ಮಾತಿಗೇ ತಲೆಯಾಡಿಸಿದೆವು. ಆದರೆ ಬೇರೆ ದಾರಿ ಇರಲಿಲ್ಲ. ನಮ್ಮಲ್ಲಿ ಬರೆಯಬಲ್ಲವರು ಯಾರೂ ಇರಲಿಲ್ಲ.

ಆಕೆ ಬಂದು ಆ ಚೀಲವನ್ನು ಜಮಖಾನದ ಮೇಲೆ ಸುರುವಿಕೊಂಡು ತಾರೀಖಿನ ಪ್ರಕಾರ ಜೋಡಿಸಿದರು. ಕಡೆಗೆ ಸಿಕ್ಕಿದ್ದು ಕಳ್ಳತನ ಅಲ್ಲ, ಬರವಣಿಗೆಯ ತಪ್ಪು. ಮೊದಲು ಮೂಟೆಗಳನ್ನು ನಗದಿಗೆ ಮಾರುತ್ತಿದ್ದೆವು. ಆ ವರ್ಷದಿಂದ ಮೂಟೆ ಹಣವನ್ನು ಹಾಲಿನ ಬಟವಾಡೆಯಲ್ಲಿ ಮುರಿದುಕೊಳ್ಳಲು ಶುರುಮಾಡಿದ್ದೆವು. ಒಬ್ಬ ಸದಸ್ಯರ ಹಾಲಿನ ಹಣ ಸಾವಿರ, ಮೂಟೆ ಬಾಬ್ತು ಮುನ್ನೂರು ಅನ್ನಿ. ಕೈಗೆ ಕೊಟ್ಟದ್ದು ಏಳುನೂರು. ಕಿರ್ದಿಯಲ್ಲಿ ಹಾಲಿಗೆ ಸಾವಿರ ಖರ್ಚು, ಪಶು ಆಹಾರಕ್ಕೆ ಮುನ್ನೂರು ಜಮಾ ಎಂದು ಎರಡು ಬರೆಯಬೇಕು. ಕಾರ್ಯದರ್ಶಿಗಳು ಏಳುನೂರು ಖರ್ಚು ಅಂತ ಒಂದೇ ಬರೆದಿದ್ದರು. ನಗದು ಶಿಲ್ಕು ಪೈಸೆಗೆ ಪೈಸೆ ತಾಳೆ. ಹಾಲಿನ ಖರೀದಿ ಕಡಿಮೆ ಕಂಡಿತ್ತು, ಮೂಟೆ ಹಣ ಬಂದೇ ಇಲ್ಲ ಅಂತ ಕಂಡಿತ್ತು. ಹಣ ಎಲ್ಲೂ ಹೋಗಿರಲಿಲ್ಲ.

ಆ ತಿಂಗಳುಗಳ ತಖ್ತೆಯ ಕೆಳಗೆ ನಿರ್ದೇಶಕರ ಸಹಿ ಇತ್ತು. ಅದರಲ್ಲಿ ನಮ್ಮದೂ ಒಂದು. ಚಹಾ ಕುಡಿಯುತ್ತಾ, ಪುಟ ತಿರುಗಿಸದೆ ಹಾಕಿದ ಸಹಿ. ಓದಿ ಕೇಳಿದ್ದರೆ ಮೊದಲ ತಿಂಗಳೇ ತಪ್ಪು ಸಿಗುತ್ತಿತ್ತು, ಒಬ್ಬ ಮನುಷ್ಯನ ಮಾನ ಬೀದಿಗೆ ಬರುತ್ತಿರಲಿಲ್ಲ. ಅಧ್ಯಕ್ಷರು, ನಾವು ನಾಲ್ಕು ಜನ ಅವರ ಮನೆಗೆ ಹೋಗಿ ವಿಷಯ ತಿಳಿಸಿದೆವು. ಅವರು ಎಡಗೈ ಎತ್ತಿ ನಮಸ್ಕಾರ ಮಾಡಿದರು. ಆ ನಮಸ್ಕಾರ ತೆಗೆದುಕೊಳ್ಳೋ ಯೋಗ್ಯತೆ ನಮಗಿರಲಿಲ್ಲ. ಮಹಾಸಭೆಯಲ್ಲಿ ಈ ಲೆಕ್ಕವನ್ನು ಗಟ್ಟಿಯಾಗಿ ಓದಿಸಿದೆವು. ಅವರು ಮತ್ತೆ ಆ ಕುರ್ಚಿಗೆ ಬರಲಾಗಲಿಲ್ಲ.

ಹೊರಗೆ ಬರೆಸುವುದು ಹೊಸದೇನಲ್ಲ

ಆಮೇಲೆ ನಾವು ವಿಚಾರಿಸಿ ತಿಳಿದ ಸಂಗತಿ ಏನೆಂದರೆ, ಸಣ್ಣ ವ್ಯಾಪಾರಸ್ಥರು ಲೆಕ್ಕವನ್ನು ಹೊರಗೆ ಬರೆಸೋದು ಹಳೆಯ ಪದ್ಧತಿ. ಪೇಟೆಯಲ್ಲಿ ಒಬ್ಬ ಗುಮಾಸ್ತರು ಸಂಜೆ ಹೊತ್ತು ನಾಲ್ಕು ಅಂಗಡಿ ಸುತ್ತಿ ಕಿರ್ದಿ ಬರೆದುಕೊಡುತ್ತಿದ್ದರು. ಒಬ್ಬೊಬ್ಬರೂ ಪೂರ್ತಿ ಸಂಬಳ ಕೊಟ್ಟು ಗುಮಾಸ್ತರನ್ನು ಇಟ್ಟುಕೊಳ್ಳಲಾಗದು, ನಾಲ್ವರು ಸೇರಿದರೆ ಆದೀತು. ಯೋಚಿಸಿದರೆ ಇದೂ ಒಂದು ಸಹಕಾರವೇ.

ಅಮೆರಿಕದ ನ್ಯೂಜೆರ್ಸಿಯಲ್ಲಿ 1949ರಲ್ಲಿ ಹೆನ್ರಿ ಟೌಬ್ ಎಂಬ ಯುವಕ ಬೇರೆ ಕಂಪನಿಗಳ ಸಂಬಳದ ಪಟ್ಟಿ ಬರೆದುಕೊಡುವ ಕೆಲಸ ಶುರುಮಾಡಿದ. ಒಂದು ಕಡೆ ಸಂಬಳ ಬರೆಯುವ ಗುಮಾಸ್ತ ಕಾಯಿಲೆ ಬಿದ್ದು ಕೆಲಸಗಾರರಿಗೆ ವೇಳೆಗೆ ಸಂಬಳ ಸಿಗದೆ ಹೋದದ್ದನ್ನು ಕಂಡು ಅವನಿಗೆ ಈ ಯೋಚನೆ ಬಂತು ಎಂದು ಹೇಳುತ್ತಾರೆ. ನಮ್ಮೂರಿನ ಕಥೆಯೇ ಅಲ್ಲವೇ? ಎ.ಡಿ.ಪಿ. ಎಂಬ ಹೆಸರಿನ ಬಹುದೊಡ್ಡ ಕಂಪನಿಯಾಗಿ ಅದು ಬೆಳೆಯಿತು. ಅದೇ 1949ರಲ್ಲಿ ನಮ್ಮ ದೇಶದಲ್ಲಿ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಬಂದು ಲೆಕ್ಕಪರಿಶೋಧಕರ ಸಂಸ್ಥೆ ಸ್ಥಾಪನೆಯಾಯಿತು. ಅಂಗಡಿಗಳ ಕಂಪ್ಯೂಟರಿನಲ್ಲಿ ಕಾಣುವ ಟ್ಯಾಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 1986ರಲ್ಲಿ ಶ್ಯಾಮ್‌ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಕಟ್ಟಿದ ಸಂಸ್ಥೆಯಿಂದ. ಪರದೇಶದ ಕಂಪನಿಗಳ ಲೆಕ್ಕ ಬರೆಯುವ ಕಚೇರಿಗಳೂ ಬೆಂಗಳೂರಿಗೆ ಬಂದವು. ಅವರ ಲೆಕ್ಕ ಇಲ್ಲಿ ಬರೆಯಬಹುದಾದರೆ ನಮ್ಮ ಲೆಕ್ಕ ತಾಲ್ಲೂಕಿನಲ್ಲಿ ಬರೆದರೆ ಏನು ತಪ್ಪು?

2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದಮೇಲೆ ಸಣ್ಣ ಅಂಗಡಿಯವರೂ ಲೆಕ್ಕಿಗರ ಬಾಗಿಲು ತಟ್ಟಬೇಕಾಯಿತು. 2018ರ ಹಣಕಾಸು ಕಾಯ್ದೆಯಿಂದ ಸಹಕಾರ ಸಂಘಗಳು ಗಡುವಿನೊಳಗೆ ಆದಾಯ ತೆರಿಗೆ ವಿವರ ಸಲ್ಲಿಸದಿದ್ದರೆ ರಿಯಾಯಿತಿಯೇ ಇಲ್ಲ ಎಂದಾಯಿತು. 2022ರಲ್ಲಿ ಕೇಂದ್ರ ಸರ್ಕಾರ 63,000 ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಯೋಜನೆ ಒಪ್ಪಿತು. ನಮ್ಮದು ಹಾಲಿನ ಸಂಘ, ಆ ಯೋಜನೆಗೆ ಸೇರಿದ್ದಲ್ಲ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯಿತು.

ಕೊಟ್ಟದ್ದೇನು, ಇಟ್ಟುಕೊಂಡದ್ದೇನು

ಅಂದಿನಿಂದ ಖಾತೆ ಬರೆಯುವ ಕೆಲಸ ಹೊರಗೇ ನಡೆದಿದೆ. ಸಂಭಾವನೆ ಒಬ್ಬ ಪೂರ್ಣಾವಧಿ ಗುಮಾಸ್ತರ ಸಂಬಳಕ್ಕಿಂತ ಎಷ್ಟೋ ಕಡಿಮೆ. ಆದರೆ ಕೆಲವು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಮುಂದೆ ಬರುವ ನಿರ್ದೇಶಕರು ಇವನ್ನು ಬಿಡಬಾರದು ಎಂದು ಕೈಮುಗಿದು ಕೇಳುತ್ತೇವೆ.

ಒಂದು, ರೋಜು ಕಿರ್ದಿ ಊರಲ್ಲೇ, ಅಂದಂದೇ ಬರೆಯಬೇಕು. ಹೊರಗೆ ಹೋಗೋದು ಖಾತೆ, ತೇರೀಜು, ತಖ್ತೆ ಕೆಲಸ ಮಾತ್ರ. ಎರಡು, ಮೂಲ ವೋಚರು ಸಂಘದ ಬೀರುವಿನಲ್ಲೇ ಇರಬೇಕು, ಜೆರಾಕ್ಸ್ ಮಾತ್ರ ಪೇಟೆಗೆ. ಮೂರು, ಚೆಕ್ಕಿಗೆ ಸಹಿ ಹಾಕುವ ಅಧಿಕಾರ, ಬ್ಯಾಂಕಿನ ಗುಪ್ತ ಸಂಖ್ಯೆ ಲೆಕ್ಕ ಬರೆಯುವವರಿಗೆ ಕೊಡಬಾರದು. ನಾಲ್ಕು, ಬರೆದವರೇ ಆಡಿಟ್ ಮಾಡಬಾರದು. 2013ರ ಕಂಪನಿ ಕಾಯ್ದೆಯಲ್ಲೂ ಕಂಪನಿಯ ಲೆಕ್ಕಪರಿಶೋಧಕರು ಅದೇ ಕಂಪನಿಯ ಪುಸ್ತಕ ಬರೆದುಕೊಡುವುದಕ್ಕೆ ನಿಷೇಧವಿದೆ. ಐದು, ಪ್ರತಿ ತಿಂಗಳ ತಖ್ತೆಯನ್ನು ಸಭೆಯಲ್ಲಿ ಒಬ್ಬ ನಿರ್ದೇಶಕರು ಗಟ್ಟಿಯಾಗಿ ಓದಬೇಕು, ಅರ್ಥವಾಗದ್ದನ್ನು ಕೇಳಬೇಕು. ಸಹಿ ಆಮೇಲೆ.

ಈ ಐದನೆಯದೇ ಕಷ್ಟದ್ದು. ಮೊದಮೊದಲು ನಮಗೆ ನಾಲಿಗೆ ತೊಡರುತ್ತಿತ್ತು, ಈಗ ಮಹಿಳಾ ನಿರ್ದೇಶಕರು ನಮಗಿಂತ ಚುರುಕಾಗಿ ಪ್ರಶ್ನೆ ಕೇಳುತ್ತಾರೆ. ‘ಮನೆ ಗುಟ್ಟು ಪೇಟೆಗೆ ಯಾಕೆ’ ಅಂದಿದ್ದ ಹಿರಿಯರು ಒಂದು ದಿನ ಪೂರ್ತಿ ಓದು ಕೇಳಿ, ‘ಹಿಂದೆ ಪುಸ್ತಕ ಊರಲ್ಲೇ ಇತ್ತು, ಲೆಕ್ಕ ಮಾತ್ರ ಯಾರಿಗೂ ಗೊತ್ತಿರಲಿಲ್ಲ’ ಅಂದರು. ನಮ್ಮ ಲೇಖನದ ಸಾರ ಇಷ್ಟೇ.

ಬಂಧುಗಳೇ, ಬರೆಯುವ ಕೆಲಸವನ್ನು ಕೂಲಿ ಕೊಟ್ಟು ಯಾರಿಂದಲಾದರೂ ಮಾಡಿಸಬಹುದು. ಉಳುವ ಟ್ರ್ಯಾಕ್ಟರು ಬಾಡಿಗೆಗೆ ಬರುತ್ತೆ, ಆದರೆ ಬದು ಎಲ್ಲಿದೆ ಅಂತ ತೋರಿಸೋಕೆ ಹೊಲದ ಯಜಮಾನನೇ ನಿಂತಿರಬೇಕು. ಈ ಸಂಘದ ಯಜಮಾನರು ನೀವು. ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಊಟದ ಕಡೆ ನೋಡದೆ ಒಂದು ಪ್ರಶ್ನೆ ಕೇಳಿ. ಕಾಯಿಲೆ ಬಿದ್ದು ಮಾತು ಕಳೆದುಕೊಂಡ ಆ ಹಿರಿಯರ ಋಣವನ್ನು ನಾವು ತೀರಿಸಬಹುದಾದ ರೀತಿ ಅದೊಂದೇ.

ಜೈ ಸಹಕಾರ.