ಕಪ್ಪು ದ್ರವ್ಯದ ಪ್ರಭಾವಲಯ

ಕಪ್ಪು ದ್ರವ್ಯದ ಪ್ರಭಾವಲಯವು ಗ್ಯಾಲಕ್ಸಿಯೊಂದನ್ನು ಎಲ್ಲ ದಿಕ್ಕುಗಳಿಂದಲೂ ಆವರಿಸಿಕೊಂಡಿರುವ, ಕಣ್ಣಿಗೆ ಕಾಣದ ದ್ರವ್ಯದ ಬೃಹತ್ ರಾಶಿಯಾಗಿದೆ. ಇದನ್ನು ಡಾರ್ಕ್ ಮ್ಯಾಟರ್ ಹ್ಯಾಲೋ ಎಂದೂ ಕರೆಯಲಾಗುತ್ತದೆ. ಹೆಸರಿನಲ್ಲಿ 'ಪ್ರಭೆ' ಇದ್ದರೂ ಇದು ಬೆಳಕನ್ನು ಹೊರಸೂಸುವುದಿಲ್ಲ, ಹೀರುವುದೂ ಇಲ್ಲ. ಇದರ ಇರುವಿಕೆ ಗುರುತ್ವಾಕರ್ಷಣೆಯ ಪರಿಣಾಮಗಳಿಂದ ಮಾತ್ರ ತಿಳಿಯುತ್ತದೆ. ಪ್ರಚಲಿತ ವಿಶ್ವವಿಜ್ಞಾನದ ಪ್ರಕಾರ ಪ್ರತಿಯೊಂದು ದೊಡ್ಡ ಗ್ಯಾಲಕ್ಸಿಯೂ ಇಂತಹ ಪ್ರಭಾವಲಯದ ಒಡಲಿನಲ್ಲಿ ರೂಪುಗೊಂಡಿದೆ. ಆ ಗ್ಯಾಲಕ್ಸಿಯಲ್ಲಿ ಎಷ್ಟು ನಕ್ಷತ್ರಗಳು ಹುಟ್ಟಬಲ್ಲವು ಎಂಬುದನ್ನು ಬಹುಮಟ್ಟಿಗೆ ಪ್ರಭಾವಲಯದ ದ್ರವ್ಯರಾಶಿಯೇ ನಿರ್ಧರಿಸುತ್ತದೆ.

ಇತಿಹಾಸ

1933ರಲ್ಲಿ ಫ್ರಿಟ್ಜ್ ಜ್ವಿಕಿ ಕೋಮಾ ಗ್ಯಾಲಕ್ಸಿ ಗುಚ್ಛವನ್ನು ಅಧ್ಯಯನ ಮಾಡಿದಾಗ, ಅದರ ಸದಸ್ಯ ಗ್ಯಾಲಕ್ಸಿಗಳು ನಿರೀಕ್ಷೆಗಿಂತ ಬಹಳ ವೇಗವಾಗಿ ಚಲಿಸುತ್ತಿರುವುದು ಕಂಡುಬಂದಿತು. ಕಾಣುವ ದ್ರವ್ಯದ ಗುರುತ್ವವೊಂದೇ ಅವುಗಳನ್ನು ಹಿಡಿದಿಡಲು ಸಾಲದಾಗಿತ್ತು. 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗ್ಯಾಲಕ್ಸಿಯ ಪರಿಭ್ರಮಣ ವೇಗದ ಅಳತೆಗಳನ್ನು ಪ್ರಕಟಿಸಿದರು. 1973ರಲ್ಲಿ ಜೆರೆಮಯ ಆಸ್ಟ್ರೈಕರ್ ಮತ್ತು ಜೇಮ್ಸ್ ಪೀಬಲ್ಸ್, ತೆಳುವಾದ ತಟ್ಟೆಯಾಕಾರದ ಗ್ಯಾಲಕ್ಸಿಗಳು ಸ್ಥಿರವಾಗಿ ಉಳಿಯಬೇಕಾದರೆ ಅವುಗಳ ಸುತ್ತ ಭಾರವಾದ ಪ್ರಭಾವಲಯ ಇರಬೇಕಾಗುತ್ತದೆ ಎಂದು ವಾದಿಸಿದರು. ಪ್ರಭಾವಲಯದೊಳಗೆ ಅನಿಲವು ತಣಿದು ಗ್ಯಾಲಕ್ಸಿಯಾಗುತ್ತದೆ ಎಂಬ ಸಿದ್ಧಾಂತವನ್ನು 1978ರಲ್ಲಿ ಸೈಮನ್ ವೈಟ್ ಮತ್ತು ಮಾರ್ಟಿನ್ ರೀಸ್ ಮಂಡಿಸಿದರು.

ಪರಿಭ್ರಮಣ ವೇಗದ ಸಾಕ್ಷ್ಯ

ಸೌರವ್ಯೂಹದಲ್ಲಿ ಸೂರ್ಯನಿಂದ ದೂರ ಹೋದಂತೆ ಗ್ರಹಗಳ ವೇಗ ಕಡಿಮೆಯಾಗುತ್ತದೆ. ಬುಧನು ಸೆಕೆಂಡಿಗೆ ಸುಮಾರು 47 ಕಿ.ಮೀ. ವೇಗದಲ್ಲಿ ಸುತ್ತಿದರೆ, ನೆಪ್ಚೂನ್ ಸುಮಾರು 5.4 ಕಿ.ಮೀ. ವೇಗದಲ್ಲಿ ಸುತ್ತುತ್ತದೆ. ವ್ಯೂಹದ ದ್ರವ್ಯರಾಶಿಯ ಬಹುಪಾಲು ಕೇಂದ್ರದಲ್ಲಿಯೇ ಇರುವುದು ಇದಕ್ಕೆ ಕಾರಣ. ಸುರುಳಿ ಗ್ಯಾಲಕ್ಸಿಗಳಲ್ಲಿಯೂ ಬೆಳಕು ಕೇಂದ್ರದತ್ತ ದಟ್ಟವಾಗಿರುವುದರಿಂದ, ಅಂಚಿನ ನಕ್ಷತ್ರಗಳೂ ಅನಿಲವೂ ಇದೇ ರೀತಿ ನಿಧಾನವಾಗಿ ಸುತ್ತಬೇಕಿತ್ತು. ಆದರೆ ಅಳತೆಗಳಲ್ಲಿ ವೇಗವು ಅಂಚಿನವರೆಗೂ ಬಹುತೇಕ ಒಂದೇ ಸಮನಾಗಿರುತ್ತದೆ. ಇದರರ್ಥ, ಕೇಂದ್ರದಿಂದ ದೂರ ಹೋದಂತೆ ಒಳಗೊಂಡಿರುವ ಒಟ್ಟು ದ್ರವ್ಯರಾಶಿಯು ದೂರಕ್ಕೆ ಅನುಗುಣವಾಗಿ ಹೆಚ್ಚುತ್ತಲೇ ಹೋಗುತ್ತದೆ; ಬೆಳಕು ಮುಗಿದಲ್ಲಿ ದ್ರವ್ಯ ಮುಗಿಯುವುದಿಲ್ಲ.

ರಚನೆ ಮತ್ತು ಗಾತ್ರ

ಪ್ರಭಾವಲಯಕ್ಕೆ ಸ್ಪಷ್ಟವಾದ ಅಂಚಿಲ್ಲ. ಸರಾಸರಿ ಸಾಂದ್ರತೆಯು ವಿಶ್ವದ ಕ್ರಾಂತಿಕ ಸಾಂದ್ರತೆಯ 200 ಪಟ್ಟು ಇರುವ ಗೋಳವನ್ನು ಅದರ ಎಲ್ಲೆಯೆಂದು ಪರಿಗಣಿಸುವುದು ರೂಢಿ. ಜೂಲಿಯೊ ನವಾರೊ, ಕಾರ್ಲೋಸ್ ಫ್ರೆಂಕ್ ಮತ್ತು ಸೈಮನ್ ವೈಟ್ 1990ರ ದಶಕದಲ್ಲಿ ಕಂಪ್ಯೂಟರ್ ಸಿಮ್ಯುಲೇಶನ್‌ಗಳ ಮೂಲಕ, ಚಿಕ್ಕ ಮತ್ತು ದೊಡ್ಡ ಪ್ರಭಾವಲಯಗಳ ಸಾಂದ್ರತೆಯು ಒಂದೇ ಬಗೆಯಲ್ಲಿ ಇಳಿಯುತ್ತದೆ ಎಂದು ತೋರಿಸಿದರು. ಒಳಭಾಗದಲ್ಲಿ ಸಾಂದ್ರತೆಯು ದೂರಕ್ಕೆ ವಿಲೋಮವಾಗಿಯೂ, ಹೊರಭಾಗದಲ್ಲಿ ದೂರದ ಘನಕ್ಕೆ ವಿಲೋಮವಾಗಿಯೂ ಕುಗ್ಗುತ್ತದೆ.

ಕ್ಷೀರಪಥದ ನಕ್ಷತ್ರಗಳ ತಟ್ಟೆಯ ವ್ಯಾಸ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಅದರ ಪ್ರಭಾವಲಯವಾದರೋ ಕೇಂದ್ರದಿಂದ ಆರೇಳು ಲಕ್ಷ ಜ್ಯೋತಿರ್ವರ್ಷಗಳವರೆಗೆ ಹರಡಿದೆ. ನಕ್ಷತ್ರಗಳ ಒಟ್ಟು ದ್ರವ್ಯರಾಶಿ ಸೂರ್ಯನ ಸುಮಾರು 5,000 ಕೋಟಿ ಪಟ್ಟು ಇದ್ದರೆ, ಪ್ರಭಾವಲಯದ್ದು ಸುಮಾರು 1 ಲಕ್ಷ ಕೋಟಿ ಪಟ್ಟು ಎಂದು ಅಂದಾಜಿಸಲಾಗಿದೆ.

ಗ್ಯಾಲಕ್ಸಿಗಳ ಉಗಮ

ವಿಶ್ವದಲ್ಲಿ ಕಪ್ಪು ದ್ರವ್ಯವು ಸಾಮಾನ್ಯ ದ್ರವ್ಯದ ಐದು ಪಟ್ಟಿಗಿಂತಲೂ ಸ್ವಲ್ಪ ಹೆಚ್ಚಿದೆ. ಆದಿಯಲ್ಲಿ ಇವೆರಡೂ ಬೆರೆತೇ ಇದ್ದವು. ಸ್ವಲ್ಪ ಹೆಚ್ಚು ಸಾಂದ್ರತೆಯಿದ್ದ ಪ್ರದೇಶಗಳು ತಮ್ಮದೇ ಗುರುತ್ವದಿಂದ ಕುಸಿದು ಚಿಕ್ಕ ಪ್ರಭಾವಲಯಗಳಾದವು. ಚಿಕ್ಕವು ಒಂದಕ್ಕೊಂದು ಕೂಡಿ ದೊಡ್ಡವಾದವು. ಅನಿಲವು ಬೆಳಕನ್ನು ಹೊರಸೂಸಿ ಶಕ್ತಿಯನ್ನು ಕಳೆದುಕೊಳ್ಳಬಲ್ಲದು. ಆದ್ದರಿಂದ ಅದು ತಣಿದು ಕೇಂದ್ರದತ್ತ ಇಳಿಯುತ್ತದೆ. ತನ್ನ ಕೋನೀಯ ಸಂವೇಗವನ್ನು ಉಳಿಸಿಕೊಳ್ಳುವುದರಿಂದ ಅದು ಸುತ್ತುವ ತಟ್ಟೆಯಾಗಿ ಹರಡಿ ನಕ್ಷತ್ರಗಳಿಗೆ ಜನ್ಮ ನೀಡುತ್ತದೆ. ಕಪ್ಪು ದ್ರವ್ಯಕ್ಕೆ ಹೀಗೆ ತಣಿಯುವ ದಾರಿಯಿಲ್ಲ. ಅದು ಸುತ್ತಲೂ ಹರಡಿಕೊಂಡೇ ಉಳಿಯುತ್ತದೆ.

ದ್ರವ್ಯರಾಶಿಗಳ ಸಂಬಂಧ

ಪ್ರಭಾವಲಯ ದೊಡ್ಡದಾದಷ್ಟೂ ಗ್ಯಾಲಕ್ಸಿ ಅದೇ ಪ್ರಮಾಣದಲ್ಲಿ ದೊಡ್ಡದಾಗುವುದಿಲ್ಲ. ಅನಿಲವನ್ನು ನಕ್ಷತ್ರಗಳಾಗಿ ಪರಿವರ್ತಿಸುವ ಸಾಮರ್ಥ್ಯವು ಸುಮಾರು 1 ಲಕ್ಷ ಕೋಟಿ ಸೌರ ದ್ರವ್ಯರಾಶಿಯ, ಅಂದರೆ ಕ್ಷೀರಪಥದಂತಹ, ಪ್ರಭಾವಲಯಗಳಲ್ಲಿ ಗರಿಷ್ಠವಾಗಿರುತ್ತದೆ. ಅಲ್ಲಿಯೂ ಲಭ್ಯವಿರಬೇಕಾದ ಸಾಮಾನ್ಯ ದ್ರವ್ಯದ ಶೇಕಡಾ 20ರಿಂದ 30ರಷ್ಟು ಮಾತ್ರ ನಕ್ಷತ್ರಗಳಾಗುತ್ತದೆ. ಚಿಕ್ಕ ಪ್ರಭಾವಲಯಗಳ ಗುರುತ್ವ ದುರ್ಬಲವಾದ್ದರಿಂದ ಸೂಪರ್‌ನೋವಾ ಸ್ಫೋಟಗಳು ಅನಿಲವನ್ನು ಹೊರಗೆ ದೂಡುತ್ತವೆ. ಅತಿ ದೊಡ್ಡವುಗಳಲ್ಲಿ ಅನಿಲವು ಬಹಳ ಬಿಸಿಯಾಗಿರುತ್ತದೆ. ಕೇಂದ್ರದ ಬೃಹತ್ ಕಪ್ಪುಕುಳಿಯ ಸುತ್ತಲಿನಿಂದ ಹೊಮ್ಮುವ ಶಕ್ತಿಯು ಅದನ್ನು ತಣಿಯಲು ಬಿಡುವುದಿಲ್ಲ ಎಂಬುದು ಪ್ರಚಲಿತ ವಿವರಣೆ.

ಅಳೆಯುವ ವಿಧಾನಗಳು

ತಟಸ್ಥ ಹೈಡ್ರೋಜನ್ ಹೊರಸೂಸುವ 21 ಸೆಂ.ಮೀ. ರೇಡಿಯೊ ತರಂಗಗಳಿಂದ, ನಕ್ಷತ್ರಗಳ ಅಂಚಿನಾಚೆಗೂ ಅನಿಲದ ವೇಗವನ್ನು ತಿಳಿಯಬಹುದು. ಪುಣೆಯ ಸಮೀಪದಲ್ಲಿರುವ ಜಿಎಂಆರ್‌ಟಿ ದೂರದರ್ಶಕವನ್ನು ಕುಬ್ಜ ಗ್ಯಾಲಕ್ಸಿಗಳ ಇಂತಹ ಅಧ್ಯಯನಗಳಿಗೆ ಬಳಸಲಾಗಿದೆ. ಪ್ರಭಾವಲಯದ ಗುರುತ್ವವು ಹಿಂದಿನ ಗ್ಯಾಲಕ್ಸಿಗಳ ಬೆಳಕನ್ನು ಬಾಗಿಸುವ ಗುರುತ್ವ ಮಸೂರ ಪರಿಣಾಮ ಮತ್ತು ಉಪಗ್ಯಾಲಕ್ಸಿಗಳ ಚಲನೆ ಇತರ ಮುಖ್ಯ ಆಧಾರಗಳಾಗಿವೆ.

ಸಮಸ್ಯೆಗಳು ಮತ್ತು ಪರ್ಯಾಯ ವಾದ

ಕ್ಷೀರಪಥದಂತಹ ಪ್ರಭಾವಲಯದೊಳಗೆ ಅಸಂಖ್ಯ ಉಪಪ್ರಭಾವಲಯಗಳಿರಬೇಕೆಂದು ಸಿಮ್ಯುಲೇಶನ್‌ಗಳು ಸೂಚಿಸಿದವು. ಆದರೆ ಕಂಡುಬಂದ ಉಪಗ್ಯಾಲಕ್ಸಿಗಳು ಕೆಲವೇ. 1999ರಲ್ಲಿ ಗಮನ ಸೆಳೆದ ಈ ವ್ಯತ್ಯಾಸವು ನಂತರ ಅತಿ ಮಂದವಾದ ಅನೇಕ ಉಪಗ್ಯಾಲಕ್ಸಿಗಳ ಶೋಧದಿಂದ ಹಾಗೂ ಅತಿ ಚಿಕ್ಕ ಪ್ರಭಾವಲಯಗಳಲ್ಲಿ ನಕ್ಷತ್ರಗಳೇ ಹುಟ್ಟದಿರಬಹುದು ಎಂಬ ತಿಳಿವಳಿಕೆಯಿಂದ ಬಹುಮಟ್ಟಿಗೆ ತಗ್ಗಿದೆ. ಕೆಲವು ಕುಬ್ಜ ಗ್ಯಾಲಕ್ಸಿಗಳ ಕೇಂದ್ರದಲ್ಲಿ ಸಾಂದ್ರತೆಯು ನಿರೀಕ್ಷಿಸಿದಷ್ಟು ಏರದಿರುವುದು ಇನ್ನೂ ಚರ್ಚೆಯಲ್ಲಿದೆ.

1983ರಲ್ಲಿ ಮೊರ್ಡೆಹಾಯ್ ಮಿಲ್‌ಗ್ರೊಮ್, ಕಾಣದ ದ್ರವ್ಯವನ್ನು ಊಹಿಸುವ ಬದಲು ಅತಿ ಕಡಿಮೆ ವೇಗೋತ್ಕರ್ಷದಲ್ಲಿ ನ್ಯೂಟನ್ನನ ನಿಯಮವನ್ನೇ ಮಾರ್ಪಡಿಸಬಹುದು ಎಂದು ಸೂಚಿಸಿದರು. ಇದು ಅನೇಕ ಗ್ಯಾಲಕ್ಸಿಗಳ ಪರಿಭ್ರಮಣವನ್ನು ಚೆನ್ನಾಗಿ ವಿವರಿಸುತ್ತದೆ. ಗ್ಯಾಲಕ್ಸಿ ಗುಚ್ಛಗಳಲ್ಲಿ ಮಾತ್ರ ಕೊರತೆ ಉಳಿಯುತ್ತದೆ. 2006ರಲ್ಲಿ ಪ್ರಕಟವಾದ ಬುಲೆಟ್ ಗುಚ್ಛದ ಅಧ್ಯಯನದಲ್ಲಿ, ಡಿಕ್ಕಿ ಹೊಡೆದ ಎರಡು ಗುಚ್ಛಗಳ ಬಿಸಿ ಅನಿಲವು ನಡುವೆ ಹಿಂದುಳಿದಿದ್ದರೂ ಗುರುತ್ವದ ಕೇಂದ್ರಗಳು ಗ್ಯಾಲಕ್ಸಿಗಳ ಜೊತೆಗೆ ಮುಂದೆ ಸಾಗಿದ್ದುದು ಕಂಡಿತು. ಇದನ್ನು ಕಪ್ಪು ದ್ರವ್ಯದ ಪರವಾದ ಬಲವಾದ ಸಾಕ್ಷ್ಯವೆಂದು ಪರಿಗಣಿಸಲಾಗಿದೆ. ಆದಾಗ್ಯೂ ಪ್ರಭಾವಲಯಗಳು ಯಾವ ಕಣಗಳಿಂದ ಆಗಿವೆ ಎಂಬುದು ಇದುವರೆಗೆ ಪ್ರಯೋಗಗಳಿಂದ ದೃಢಪಟ್ಟಿಲ್ಲ.